ಟೋಪಿ ತೆಗೆಯದ ಜನ

ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣು ಇರುವುದು ಓಟ್ಸ್ ಡಬ್ಬಿಯಲ್ಲಿ. ಓಟ್ಸ್ ಇರುವುದು ಬಿಸ್ಕತ್ತಿನ ಡಬ್ಬಿಯಲ್ಲಿ. ಬಿಸ್ಕತ್ತು ಎಲ್ಲಿದೆ ಎಂದು ಮಾತ್ರ ಕೇಳಬೇಡಿ, ಅದನ್ನು ನನ್ನ ಗಂಡನಿಗೂ ಹೇಳಿಲ್ಲ. ಮೈಸೂರು ಬಿಟ್ಟು ಟೋಕಿಯೋ ಪಕ್ಕದ ಗ್ಯೋಟೋಕುವಿನ ಈ ಪುಟ್ಟ ಫ್ಲ್ಯಾಟಿಗೆ ಬಂದು ಇಷ್ಟು ವರ್ಷವಾದರೂ ಖಾಲಿ ಡಬ್ಬಿ ಎಸೆಯುವ ಧೈರ್ಯ ನನಗೆ ಬಂದಿಲ್ಲ. ಅಲ್ಲದೆ ಜಪಾನಿನಲ್ಲಿ ಕಸ ಎಸೆಯುವುದೂ ಒಂದು ವಿದ್ಯೆ. ರಟ್ಟಿಗೆ ಒಂದು ದಿನ, ತಗಡಿಗೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಇನ್ನೊಂದು ದಿನ. ಈ ಡಬ್ಬಿಗೋ ತಳ ತಗಡು, ಮೈ ರಟ್ಟು, ಮುಚ್ಚಳ ಪ್ಲಾಸ್ಟಿಕ್ಕು. ಇಂಥದ್ದನ್ನು ಎಸೆಯಲು ಪಂಚಾಂಗ ನೋಡಬೇಕಾಗುತ್ತದೆ. ಇಟ್ಟುಕೊಳ್ಳುವುದೇ ವಾಸಿ.

ಮೊನ್ನೆ ಸಾರಿಗೆಂದು ಹುಣಸೆಹಣ್ಣು ತೆಗೆಯಲು ಹೋದಾಗ ಡಬ್ಬಿಯ ಮೇಲಿನ ಅಜ್ಜ ನನ್ನನ್ನೇ ನೋಡುತ್ತಿದ್ದ. ನಿಮಗೂ ಗೊತ್ತಿರುವ ಅಜ್ಜನೇ: ಅಗಲ ಅಂಚಿನ ಟೋಪಿ, ಕಿವಿ ಮುಚ್ಚುವ ಬಿಳಿ ಕೂದಲು, ಹೊಟ್ಟೆ ತುಂಬಿದವರ ನಗೆ. ಅವನನ್ನು ನೋಡುತ್ತ ನಿಂತೆ, ಒಲೆಯ ಮೇಲೆ ಬೇಳೆ ಉಕ್ಕಿತು. ಈ ಅಜ್ಜನಿಂದ ಶುರುವಾದದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೊರೊನಾದ ಮೊದಲ ವಸಂತ ಅದು. ಮಾರ್ಚ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಶಾಲೆಗಳು ಮುಚ್ಚಿದವು. ನಾಲ್ಕನೇ ಕ್ಲಾಸಿಗೆ ಕಾಲಿಡಬೇಕಿದ್ದ ನನ್ನ ಮಗಳು ಇಳಾ ಇಡೀ ದಿನ ಮನೆಯಲ್ಲಿ. ನಾನೂ ಇಡೀ ದಿನ ಮನೆಯಲ್ಲಿ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳುವ ಕೆಲಸ. ನಮ್ಮ ಅತ್ತೆ ಇದನ್ನೇ ಸಂಬಳವಿಲ್ಲದೆ ಮಾಡುತ್ತಾರೆ. ಗಂಡ ಮಲಗುವ ಕೋಣೆಯಲ್ಲಿ ಮೀಟಿಂಗು, ನಾನು ಊಟದ ಮೇಜಿನಲ್ಲಿ ಮೀಟಿಂಗು, ನಡುವೆ ಇಳಾ. ಒಂದು ಮಧ್ಯಾಹ್ನ ಅವಳು ಡಬ್ಬಿ ಎತ್ತಿಕೊಂಡು ಬಂದು, "ಅಮ್ಮಾ, ಈ ಒಜೀಸಾನ್ ಯಾರು? ಮನೆ ಒಳಗೂ ಹ್ಯಾಟ್ ಯಾಕೆ ಹಾಕ್ಕೊಂಡಿದಾನೆ?" ಎಂದಳು. ಒಜೀಸಾನ್ ಎಂದರೆ ಅಜ್ಜ. ನಾನು ಮೈಕ್ ಮ್ಯೂಟ್ ಮಾಡಿ, "ಓಟ್ಸ್ ಕಂಪನಿ ಓನರ್ ಕಣೇ, ಬೋಳುತಲೆ ಇರ್ಬೇಕು" ಎಂದೆ. ತಾಯಂದಿರು ಗೊತ್ತಿಲ್ಲ ಎಂದು ಹೇಳುವುದು ನಮ್ಮ ಮನೆಯಲ್ಲಿ ಪದ್ಧತಿಯಿಲ್ಲ.

ಅವಳಿಗೆ ನಂಬಿಕೆ ಬರಲಿಲ್ಲ. ಬಾಲ್ಕನಿಗೆ ಹೋಗಿ ಪಕ್ಕದ ಮನೆಯ ಮಿಯಾಗಾವಾ ಸಾನ್ ಅವರನ್ನು ಕೇಳಿದಳು. ಮಿಯಾಗಾವಾ ಸಾನ್‌ಗೆ ಎಂಬತ್ತು ದಾಟಿತ್ತು. ಹುಡುಗಿಯರ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ರಿಟೈರ್ ಆದವರು, ಒಬ್ಬರೇ ಇದ್ದರು. ನಮ್ಮ ಎರಡು ಬಾಲ್ಕನಿಗಳ ನಡುವೆ ಒಂದು ತೆಳು ಹಲಗೆ. ಬೆಂಕಿ ಬಿದ್ದರೆ ಇದನ್ನು ಒದ್ದು ಮುರಿದು ಆಚೆ ಓಡಿ ಎಂದು ಅದರ ಮೇಲೆ ಬರೆದಿದೆ. ಇಳಾ ಹಲಗೆಯ ಸಂದಿಯಿಂದ ಡಬ್ಬಿ ತೋರಿಸಿದಳು. ಆ ಕಡೆಯಿಂದ ನಗು ಕೇಳಿಸಿತು.

"ಈ ಒಜೀಸಾನ್ ನಮ್ಮವನಲ್ಲ ಇಳಾ ಸಾನ್. ನಮ್ಮ ವೇಷ ಹಾಕ್ಕೊಂಡಿದ್ದಾನೆ ಅಷ್ಟೆ. ಆದರೆ ನಾನು ಕ್ವೇಕರ್."

ಅವರದು ಅರ್ಧ ಇಂಗ್ಲಿಷ್, ಅರ್ಧ ಜಪಾನೀಸ್. ಇಳಾಳದೂ ಹಾಗೆಯೇ. ನನಗೆ ಅರ್ಥವಾದಷ್ಟನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನನ್ನದು. ಕ್ವೇಕರ್ ಎಂದರೆ ಕ್ರೈಸ್ತರಲ್ಲೇ ಒಂದು ಸಣ್ಣ ಪಂಗಡ, ಡಬ್ಬಿಯ ಮೇಲಿನ ಹೆಸರೂ ಅದೇ, ಆದರೆ ಆ ಕಂಪನಿಗೂ ಕ್ವೇಕರರಿಗೂ ಸಂಬಂಧವೇ ಇಲ್ಲವಂತೆ. ಪ್ರಾಮಾಣಿಕರೆಂದು ಹೆಸರಾದ ಜನ, ಆ ಹೆಸರು ಇದ್ದರೆ ಸಾಮಾನು ಚೆನ್ನಾಗಿ ಮಾರಾಟವಾಗುತ್ತದೆ ಎಂದು ಯಾರೋ ಇಟ್ಟುಕೊಂಡರಂತೆ. ಸತ್ಯವಂತರ ಹೆಸರನ್ನು ಕೇಳದೆಯೇ ಎತ್ತಿಕೊಂಡು ಹೋಗುವುದು ಎಲ್ಲ ದೇಶದಲ್ಲೂ ಉಂಟು ಎಂದು ನನಗೆ ಸಮಾಧಾನವಾಯಿತು.

ಅಂದಿನಿಂದ ದಿನಾ ಮಧ್ಯಾಹ್ನ ಹಲಗೆಯ ಆಚೆ ಒಂದು ಕುರ್ಚಿ, ಈಚೆ ಒಂದು ಸಣ್ಣ ಸ್ಟೂಲು. ಒಬ್ಬರಿಗೊಬ್ಬರು ಕಾಣುವುದಿಲ್ಲ, ದನಿ ಮಾತ್ರ. ಮಾಸ್ಕ್ ಕೂಡ ಬೇಕಿಲ್ಲ. ನಾನು ಒಳಗೆ ಲ್ಯಾಪ್‌ಟಾಪ್ ಮುಂದೆ ಕೂತು, ಒಂದು ಕಿವಿಯಲ್ಲಿ ಆಫೀಸು, ಇನ್ನೊಂದು ಕಿವಿಯಲ್ಲಿ ಇಂಗ್ಲೆಂಡಿನ ಮುನ್ನೂರು ವರ್ಷಕ್ಕೂ ಹಳೆಯ ಕಥೆ ಕೇಳುತ್ತಿದ್ದೆ. ಕ್ರಮೇಣ ಆಫೀಸಿನ ಕಿವಿ ಮಂದವಾಯಿತು. ಆ ತಿಂಗಳು ನಮ್ಮ ಟೀಮಿನಲ್ಲಿ ದಾಟಿಹೋದ ಬಗ್‌ಗಳಿಗೆಲ್ಲ ಕ್ವೇಕರರೇ ಕಾರಣ.

ಹೆಸರುಗಳನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡಿ ಇಸವಿ ತಪ್ಪು ಎನ್ನುತ್ತೀರಿ. ಮಿಯಾಗಾವಾ ಸಾನ್ ಕೂಡ ಹೆಸರು ಹೆಚ್ಚು ಹೇಳುತ್ತಿರಲಿಲ್ಲ. "ಒಬ್ಬ ಇದ್ದ" ಎನ್ನುತ್ತಿದ್ದರು, "ಒಬ್ಬಳು ಇದ್ದಳು" ಎನ್ನುತ್ತಿದ್ದರು, ಪಕ್ಕದ ಬೀದಿಯವರ ಸುದ್ದಿ ಹೇಳಿದಂತೆ.

ಟೋಪಿಯ ಕಥೆ ಮೊದಲು ಬಂತು. ಆ ಕಾಲದಲ್ಲಿ ದೊಡ್ಡವರು ಎದುರಾದರೆ ಟೋಪಿ ತೆಗೆಯಬೇಕು. ನ್ಯಾಯಾಧೀಶ ಬಂದರೆ ತೆಗೆಯಬೇಕು, ಜಮೀನ್ದಾರ ಬಂದರೆ ತೆಗೆಯಬೇಕು. ಈ ಜನ ಮಾತ್ರ ದೇವರ ಪ್ರಾರ್ಥನೆ ಬಿಟ್ಟರೆ ಯಾರ ಮುಂದೆಯೂ ತೆಗೆಯುವುದಿಲ್ಲ ಎಂದರು. ಎಲ್ಲರೊಳಗೂ ಒಂದೇ ಬೆಳಕು ಇರುವಾಗ ಒಬ್ಬನಿಗೆ ಟೋಪಿ ತೆಗೆದು ಇನ್ನೊಬ್ಬನಿಗೆ ತೆಗೆಯದಿರುವುದು ಹೇಗೆ ಎಂದು ಅವರ ಪ್ರಶ್ನೆ. ಅಷ್ಟಕ್ಕೇ ಜೈಲು. ಟೋಪಿಗಾಗಿ ಜೈಲಿಗೆ ಹೋಗುವುದು ನನಗಂತೂ ಅತಿಯಾಯಿತು ಅನ್ನಿಸಿತು. ಜಪಾನಿನಲ್ಲಿ ಲಿಫ್ಟಿಗೂ ತಲೆಬಾಗಿ ನಮಸ್ಕಾರ ಮಾಡುವ ಮಟ್ಟಕ್ಕೆ ಬಂದವಳು ನಾನು. ಒಬ್ಬ ಸಿರಿವಂತರ ಮನೆಯ ಮಗ ಟೋಪಿ ಹಾಕಿಕೊಂಡೇ ರಾಜನ ಎದುರು ನಿಂತನಂತೆ. ಆಗ ರಾಜನೇ ತನ್ನ ಟೋಪಿ ತೆಗೆದು, ಇಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಟೋಪಿ ಹಾಕುವುದು ವಾಡಿಕೆ ಎಂದನಂತೆ. ನಿಜವೋ ಕಟ್ಟುಕಥೆಯೋ ತನಗೂ ಗೊತ್ತಿಲ್ಲ ಎಂದು ಮಿಯಾಗಾವಾ ಸಾನ್ ಸೇರಿಸಿದರು. ಇಳಾ ಅಂದು ಶಾಲೆಯ ಹಳದಿ ಟೋಪಿ ಹಾಕಿಕೊಂಡೇ ಚಪಾತಿ ತಿಂದಳು. ತೆಗಿ ಎಂದರೆ, "ನೀನು ಕಿಂಗಾ?" ಎಂದು ಕೇಳಿದಳು.

ಇನ್ನೊಂದು ದಿನ ಅಂಗಡಿಯ ಕಥೆ. ಕ್ವೇಕರ್ ಅಂಗಡಿಗಳಲ್ಲಿ ಚೌಕಾಸಿ ಇಲ್ಲ. ಒಂದೇ ಬೆಲೆ, ಎಲ್ಲರಿಗೂ ಅದೇ. ಹೆಚ್ಚು ಹೇಳಿ ಆಮೇಲೆ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳಾಗುತ್ತದಲ್ಲ ಎಂದು. ಮೊದಮೊದಲು ವ್ಯಾಪಾರ ಕೂತೇಹೋಯಿತಂತೆ. ಆಮೇಲೆ ಜನ ಸಣ್ಣ ಮಕ್ಕಳನ್ನೂ ಆ ಅಂಗಡಿಗೆ ಕಳಿಸತೊಡಗಿದರು, ಮಗುವಿಗೂ ಮೋಸವಾಗುವುದಿಲ್ಲ ಎಂದು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ನನ್ನ ಅಮ್ಮ ಮೈಸೂರಿನ ಮಾರ್ಕೆಟ್ಟಿನಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪಿಗೆ ಅಂಗಡಿಯವನ ಮೂರು ತಲೆಮಾರು ವಿಚಾರಿಸಿ ಬೆಲೆ ಇಳಿಸುವವಳು. "ಅಯ್ಯೋ, ಆ ಅಂಗಡೀಲಿ ಏನೇ ಸುಖ ಇರತ್ತೆ?" ಎಂದಳು. ಅವಳಿಗೆ ಅವರ ಪೂಜೆಯ ವಿಷಯವೂ ಬೇಕಾಯಿತು. ಪಾದ್ರಿ ಇಲ್ಲ, ಮಂತ್ರ ಇಲ್ಲ, ಹಾಡಿಲ್ಲ, ಪ್ರಸಾದವೂ ಇಲ್ಲ ಎಂದೆ.

"ಹಾಗಾದ್ರೆ ಅಷ್ಟು ಹೊತ್ತು ಏನ್ ಮಾಡ್ತಾರೆ?"

"ಸುಮ್ನೆ ಕೂತಿರ್ತಾರೆ ಅಮ್ಮ. ಯಾರಿಗಾದ್ರೂ ಒಳಗಿಂದ ಹೇಳ್ಲೇಬೇಕು ಅನ್ಸಿದ್ರೆ ಎದ್ದು ಹೇಳ್ತಾರೆ. ಇಲ್ದಿದ್ರೆ ಇಲ್ಲ."

"ಪಾಪ" ಎಂದಳು ಅಮ್ಮ. ನಮ್ಮ ಮನೆತನದಲ್ಲಿ ಯಾರಾದರೂ ಸುಮ್ಮನಿದ್ದರೆ ಹಣೆ ಮುಟ್ಟಿ ಜ್ವರ ನೋಡುತ್ತಾರೆ.

ಈ ಸುಮ್ಮನೆ ಕೂರುವುದರ ರುಚಿ ನನಗೆ ಸಿಕ್ಕಿದ ರೀತಿ ಹೇಳಿದರೆ ನೀವು ನಗುತ್ತೀರಿ. ಮಿಯಾಗಾವಾ ಸಾನ್ ಅವರ ಭಾನುವಾರದ ಸಭೆ ಕೊರೊನಾದಿಂದಾಗಿ ವಿಡಿಯೋಗೆ ಬಂತು. ಎಲ್ಲರೂ ವಯಸ್ಸಾದವರು, ಸ್ವಲ್ಪ ಸಹಾಯ ಮಾಡುತ್ತೀರಾ ಎಂದು ನನ್ನನ್ನು ಕೇಳಿದರು. ಅದಕ್ಕೇನಂತೆ, ದಿನಾ ಮಾಡುವ ಕೆಲಸ. ನಾನು ನಮ್ಮ ಮನೆಯಿಂದಲೇ ಸೇರಿಕೊಂಡೆ. ಪುಟ್ಟ ಪುಟ್ಟ ಚೌಕಗಳಲ್ಲಿ ಅಜ್ಜ ಅಜ್ಜಿಯರು ಬಂದು ಕೂತರು. ನಮಸ್ಕಾರಗಳಾದವು. ಆಮೇಲೆ ದನಿ ನಿಂತುಹೋಯಿತು. ಮುಖಗಳೂ ಅಲ್ಲಾಡುತ್ತಿಲ್ಲ.  ಆಡಿಯೋ ಹೋಗಿದೆ, ವಿಡಿಯೋ ಫ್ರೀಜ್ ಆಗಿದೆ! ಮೌನದ ಸಭೆ ಎಂದು ಬಾಲ್ಕನಿಯಲ್ಲಿ ಕೇಳಿದ್ದೆಲ್ಲ ಆ ಕ್ಷಣ ತಲೆಯಿಂದ ಮಾಯವಾಗಿತ್ತು. ಟೆಸ್ಟರ್‌ಗೆ ಮೌನ ಎಂದರೆ ಒಂದೇ ಅರ್ಥ, ಎಲ್ಲೋ ಏನೋ ಕೆಟ್ಟಿದೆ.

"ಹಲೋ, ಕ್ಯಾನ್ ಯು ಹಿಯರ್ ಮಿ?" ಎಂದೆ. ಯಾರೂ ಮಿಸುಕಲಿಲ್ಲ. ಇನ್ನೂ ಜೋರಾಗಿ, "ಕ್ಯಾನ್ ಎನಿವನ್ ಹಿಯರ್ ಮಿ?" ಎಂದೆ. ಒಬ್ಬ ಅಜ್ಜ ಮೆಲ್ಲಗೆ ತಲೆಯಾಡಿಸಿದಂತಾಯಿತು. ಲೈನ್ ಎಳೆಯುತ್ತಿದೆ ಎಂದು ತೀರ್ಮಾನಿಸಿ, ನನ್ನ ಅತ್ಯುತ್ತಮ ಜಪಾನೀಸಿನಲ್ಲಿ, ದಯವಿಟ್ಟು ಎಲ್ಲರೂ ಒಮ್ಮೆ ಹೊರಗೆ ಹೋಗಿ ಮತ್ತೆ ಬನ್ನಿ ಎಂದು ವಿನಂತಿಸಿದೆ. ಜಪಾನಿನ ಹಿರಿಯರು ವಿನಂತಿಯನ್ನು ತಳ್ಳಿಹಾಕುವುದಿಲ್ಲ. ಒಬ್ಬೊಬ್ಬರಾಗಿ ಹೊರಟುಹೋದರು, ಒಬ್ಬೊಬ್ಬರಾಗಿ ವಾಪಸ್ ಬಂದರು, ಮತ್ತೆ ಹಾಗೆಯೇ ಅಲ್ಲಾಡದೆ ಕೂತರು. ಆಗ ಇಳಾ ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟಳು. "ಅಮ್ಮಾ, ಇದು ಮೌನಾ. ಬ್ರೋಕನ್ ಅಲ್ಲ."

ನಾಚಿಕೆಯಿಂದ ಮೇಜಿನ ಕೆಳಗೆ ಹೋಗೋಣ ಅನ್ನಿಸಿತು, ಆದರೆ ಕ್ಯಾಮೆರಾ ಆನ್ ಇತ್ತು. ಹೀಗಾಗಿ ಕೂತೆ. ಮೊದಲು ಕಾಲು ತುರಿಸಿತು. ಆಮೇಲೆ ಫ್ರಿಜ್ಜಿನಲ್ಲಿರುವ ದೋಸೆಹಿಟ್ಟು ಹುಳಿ ಬಂದಿರಬಹುದು ಎಂದು ನೆನಪಾಯಿತು. ಆಮೇಲೆ ಯಾವಾಗಲೋ ಎಲ್ಲ ನಿಂತಿತು. ಆ ಇಳಿವಯಸ್ಸಿನವರು ತಮ್ಮ ತಮ್ಮ ಮನೆಗಳಲ್ಲಿ ಒಬ್ಬೊಬ್ಬರೇ ಕೂತು, ಒಟ್ಟಿಗೆ ಏನನ್ನೋ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಹೊರಗೆ ಜಗತ್ತೆಲ್ಲ ಹೆದರಿ ಕೂತ ದಿನಗಳು ಅವು. ಇಲ್ಲಿ ಹೆದರಿಕೆ ಇರಲಿಲ್ಲ. ನಾನು ದೊಡ್ಡ ದೇವಸ್ಥಾನಗಳನ್ನು ನೋಡಿದ್ದೇನೆ, ಅಲ್ಲೆಲ್ಲೂ ಬಾರದ ಭಕ್ತಿ ಊಟದ ಮೇಜಿನ ಮುಂದೆ ಬಂತು. ಸಭೆ ಮುಗಿದ ಮೇಲೆ ಆ ತಲೆಯಾಡಿಸಿದ ಅಜ್ಜ ನನಗೆ ಕೈಮುಗಿದು, ಯಾರಿಗಾದರೂ ನನ್ನ ದನಿ ಕೇಳಿಸುತ್ತಿದೆಯೇ ಎಂಬ ನಿಮ್ಮ ಪ್ರಶ್ನೆಯ ಬಗ್ಗೆ ಇಡೀ ಹೊತ್ತು ಯೋಚಿಸಿದೆ, ಅರಿಗಾತೋ, ಧನ್ಯವಾದ ಎಂದರು. ಅವರು ತಮಾಷೆ ಮಾಡಲಿಲ್ಲ. ಅದೇ ನನ್ನನ್ನು ಇನ್ನಷ್ಟು ಬಾಗಿಸಿತು.

ಬಾಲ್ಕನಿಯ ಕಥೆಗಳು ಮುಂದುವರಿದವು. ಒಬ್ಬಳು ಇದ್ದಳು, ಶ್ರೀಮಂತರ ಮನೆಯ ಹೆಂಗಸು, ಮನೆ ತುಂಬ ಮಕ್ಕಳು. ಲಂಡನ್ನಿನ ಜೈಲಿನಲ್ಲಿ ಹೆಂಗಸರನ್ನೂ ಅವರ ಕೂಸುಗಳನ್ನೂ ಕೊಳಕಿನಲ್ಲಿ ಕೂಡಿಹಾಕಿದ್ದಾರೆ ಎಂದು ಕೇಳಿ ನೋಡಲು ಹೋದಳು. ಕಾವಲಿನವರೇ ಒಳಗೆ ಹೋಗಲು ಹೆದರುತ್ತಿದ್ದ ಜಾಗ. ಇವಳು ಹೋಗಿ ಕೂತಳು. ಕೂಸುಗಳಿಗೆ ಬಟ್ಟೆ ಒಯ್ದಳು, ಶಾಲೆ ತೆರೆದಳು, ಹೆಂಗಸರಿಗೆ ಹೊಲಿಗೆ ಕಲಿಸಿದಳು. ಒಬ್ಬ ಇದ್ದ, ಅಮೆರಿಕದ ದರ್ಜಿ. ಗುಲಾಮರು ದುಡಿದು ಮಾಡಿದ ಬಣ್ಣ ತನ್ನ ಮೈಮೇಲೆ ಬೇಡವೆಂದು ಬಣ್ಣವಿಲ್ಲದ ಬಟ್ಟೆ ತೊಟ್ಟು, ಊರೂರು ನಡೆದು, ಗುಲಾಮರನ್ನು ಇಟ್ಟುಕೊಂಡವರ ಮನೆಗೇ ಹೋಗಿ, ಜಗಳವಾಡದೆ, ಇದು ಸರಿಯೇ ಎಂದು ಮೆತ್ತಗೆ ಕೇಳುತ್ತಿದ್ದ. ಅಷ್ಟು ಮೆತ್ತಗೆ ಕೇಳಿದರೆ ಉತ್ತರ ಕೊಡುವುದು ಬಹಳ ಕಷ್ಟ ಎಂದರು ಮಿಯಾಗಾವಾ ಸಾನ್.

ಇನ್ನೊಬ್ಬ ಅಮೆರಿಕದವನು ಮರಗಿಡಗಳ ಬಗ್ಗೆ ಪಾಠ ಹೇಳುವ ಮೇಷ್ಟ್ರು. ತನ್ನ ದೇಶ ಹಿರೋಶಿಮಾದ ಮೇಲೆ ಬಾಂಬು ಹಾಕಿದ್ದು ಅವನಿಗೆ ತಡೆಯಲಾಗಲಿಲ್ಲ. ಕೆಲವು ವರ್ಷಗಳಲ್ಲಿ ನಾಲ್ಕು ಜನರನ್ನು ಸೇರಿಸಿಕೊಂಡು ಹಿರೋಶಿಮಾಕ್ಕೇ ಬಂದ, ಸುತ್ತಿಗೆ ಹಿಡಿದು, ಮನೆ ಸುಟ್ಟುಹೋದವರಿಗೆ ಮನೆ ಕಟ್ಟಿಕೊಟ್ಟ.  ಯುದ್ಧ ಮುಗಿದಾಗ ಮಿಯಾಗಾವಾ ಸಾನ್ ಇಳಾಳ ವಯಸ್ಸಿನ ಹುಡುಗಿ, ಹಸಿದ ಹುಡುಗಿ. ಶಾಲೆಯಲ್ಲಿ ಬಿಸಿನೀರಿಗೆ ಹಾಲಿನಪುಡಿ ಕಲಸಿ ಕೊಟ್ಟರಂತೆ. ಸಮುದ್ರದಾಚೆಯ ಹಲವು ಜನ ಸೇರಿ ಕಳಿಸಿದ್ದು, ಅವರಲ್ಲಿ ಕ್ವೇಕರರೂ ಇದ್ದರು.

"ನಿನ್ನೆವರೆಗೆ ಶತ್ರು ಅನ್ನಿಸಿಕೊಂಡವರು ಕಳಿಸಿದ ಹಾಲು. ರುಚಿ ಏನೂ ಚೆನ್ನಾಗಿರಲಿಲ್ಲ. ಆದರೆ ಬಿಸಿಯಾಗಿತ್ತು" ಎಂದರು.

ಇಳಾ ಮಾತ್ರ ಪದೇ ಪದೇ ಕೇಳಿ ಹೇಳಿಸಿಕೊಂಡದ್ದು ಬೇರೆಯೇ ಕಥೆ. ಆ ಹಳೆಯ ಕಾಲದಲ್ಲಿ ಒಂದೆರಡು ಊರುಗಳಲ್ಲಿ ಕ್ವೇಕರ್ ಹಿರಿಯರನ್ನೆಲ್ಲ ಹಿಡಿದು ಜೈಲಿಗೆ ಹಾಕಿದರು. ಇನ್ನು ಸಭೆ ನಿಂತಿತು ಎಂದುಕೊಂಡರು. ಭಾನುವಾರ ಬಂತು. ಮಕ್ಕಳೇ ಬಂದು ಅಪ್ಪ ಅಮ್ಮಂದಿರ ಜಾಗದಲ್ಲಿ ಮೌನವಾಗಿ ಕೂತರು. ಹೊಡೆದರು, ಬೈದರು, ಹೊರಗೆ ದಬ್ಬಿದರು. ಮುಂದಿನ ಸಲವೂ ಬಂದು ಕೂತರು. ಇಷ್ಟೇ ಕಥೆ.

"ಅವ್ರಿಗೆ ಭಯ ಆಗ್ಲಿಲ್ವಾ?" ಎಂದು ಇಳಾ ಹಲಗೆಗೆ ಬಾಯಿಟ್ಟು ಕೇಳಿದಳು.

"ಆಗಿರುತ್ತೆ. ನಮ್ಮನ್ನ ಕ್ವೇಕರ್ ಅಂತ ಜನ ಹಾಸ್ಯಕ್ಕೆ ಕರೆದದ್ದು, ನಡುಗುವವರು ಅಂತ. ನಾವು ನಮ್ಮನ್ನ ಸ್ನೇಹಿತರು ಅಂತ ಮಾತ್ರ ಕರ್ಕೊಳ್ತೀವಿ."

ಜೂನ್‌ನಲ್ಲಿ ಶಾಲೆ ತೆರೆಯಿತು, ಕಥೆಗಳು ವಾರಕ್ಕೊಮ್ಮೆಗೆ ಇಳಿದವು. ಶಾಲೆಯಲ್ಲಿ ಊಟ ಈಗ ಮೊಕುಶೋಕು, ಅಂದರೆ ಮಾತಿಲ್ಲದ ಊಟ. ಎಲ್ಲರೂ ಬೋರ್ಡಿನ ಕಡೆ ಮುಖ ಮಾಡಿ, ತುಟಿ ಬಿಚ್ಚದೆ ತಿನ್ನಬೇಕು. ಜಪಾನಿನ ಶಾಲೆಗಳಲ್ಲಿ ಊಟ ಬಡಿಸುವುದು ಮಕ್ಕಳೇ. ವಾರಕ್ಕೊಂದು ಗುಂಪು ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟು, ಸಾಲಿನಲ್ಲಿ ಬಂದವರಿಗೆ ಸೂಪು, ಅನ್ನ ಹಾಕಿಕೊಡುತ್ತಾರೆ. ಆ ಅಂಗಿಗಳು ಶಾಲೆಯವು, ಒಂದೊಂದಕ್ಕೂ ನಂಬರು. ಶುಕ್ರವಾರ ತೊಟ್ಟವರು ಮನೆಗೆ ತಂದು, ಒಗೆದು, ಇಸ್ತ್ರಿ ಮಾಡಿ, ಬಟ್ಟೆಚೀಲದಲ್ಲಿ ಹಾಕಿ ಸೋಮವಾರ ಕೊಕ್ಕೆಗೆ ನೇತುಹಾಕಬೇಕು. ಆ ವಾರ ಇನ್ನೊಂದು ಮಗು ಅದನ್ನೇ ತೊಡುತ್ತದೆ. ಒಬ್ಬರ ಮಗುವಿನ ಅಂಗಿಯನ್ನು ಇನ್ನೊಬ್ಬರ ತಾಯಿ ಒಗೆಯುವ ಈ ಪದ್ಧತಿ ನನಗೆ ತುಂಬ ಇಷ್ಟ, ನನ್ನ ಇಸ್ತ್ರಿಯ ಮಟ್ಟವನ್ನು ಇಡೀ ಕ್ಲಾಸು ನೋಡುತ್ತದೆ ಎಂಬುದೊಂದು ಬಿಟ್ಟರೆ.

ಇಳಾಳ ಕ್ಲಾಸಿನಲ್ಲಿ ಹಾರುಕಾ ಎಂಬ ಹುಡುಗಿ. ಅವಳ ತಾಯಿ ಕೊರೊನಾ ರೋಗಿಗಳಿದ್ದ ಆಸ್ಪತ್ರೆಯಲ್ಲಿ ನರ್ಸ್. ಶರತ್ಕಾಲದಲ್ಲಿ ಹಾರುಕಾಳ ಸರದಿ ಬಂತು, ಐದನೇ ನಂಬರಿನ ಅಂಗಿ. ಅವಳು ಸೂಪಿನ ಬಟ್ಟಲು ಚಾಚಿದರೆ ಮಕ್ಕಳು ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲವಂತೆ. ಮೇಜಿನ ಮೇಲೆ ಇಡು ಎಂದು ಸನ್ನೆ ಮಾಡುತ್ತಿದ್ದರಂತೆ. ಯಾರೂ ಮಾತಾಡುತ್ತಿರಲಿಲ್ಲ, ಮಾತಾಡಬಾರದಲ್ಲ. ಶುಕ್ರವಾರ ಹಾರುಕಾ ಅಂಗಿಯನ್ನು ಮನೆಗೆ ಒಯ್ದಳು. ಅಂದು ಸಂಜೆ ತಾಯಂದಿರ ಗ್ರೂಪಿನಲ್ಲಿ ಒಂದು ಮೆಸೇಜು ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯ. ಎಲ್ಲರ ನೆಮ್ಮದಿಗಾಗಿ, ಅನುಕೂಲವಿರುವವರು ತಮ್ಮ ಮಕ್ಕಳಿಗೆ ಸ್ವಂತ ಅಂಗಿ ಕಳಿಸಿದರೆ ಹೇಗೆ ಎಂದು. ಯಾರ ಹೆಸರೂ ಇರಲಿಲ್ಲ. ನಾನು ಎಂದಿನಂತೆ, ಅರಿಗಾತೋ ಎಂದು ಬಾಗಿದ ಬೊಂಬೆಯ ಚಿತ್ರ ಕಳಿಸಿದೆ. ಕಳಿಸಿದ ಮೇಲೆ ಇನ್ನೊಮ್ಮೆ ಓದಿದೆ.

ಓದಿದಾಗ ನಮ್ಮಜ್ಜಿಯ ಮಡಿ ಸೀರೆ ಕಣ್ಣಮುಂದೆ ಬಂತು. ಅದನ್ನು ಕೋಲಿನಿಂದ ಎತ್ತಿ, ಕೈಗೆಟುಕದ ಗಳುವಿನ ಮೇಲೆ ಒಣಗಿಸುತ್ತಿದ್ದರು. ಒಮ್ಮೆ ಚೆಂಡು ತೆಗೆಯಲು ಹಾರಿದಾಗ ನನ್ನ ಬೆರಳು ಅದರ ಸೆರಗಿಗೆ ತಾಗಿತು. ಅಜ್ಜಿ ಬೈಯಲಿಲ್ಲ, ಮತ್ತೆ ಸ್ನಾನಕ್ಕೆ ಹೋದರು. ಬಚ್ಚಲಿನ ಆ ನೀರಿನ ಸದ್ದು ಕೇಳುತ್ತ ಅಂಗಳದಲ್ಲಿ ನಿಂತಿದ್ದೆ. ನನ್ನ ಕೈಯಲ್ಲಿ ಏನಿದೆ ಎಂದು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದೆ. ಇದು ಅದೇ ಬಟ್ಟೆ ಎಂದು ನನಗೆ ಗೊತ್ತಾಯಿತು.

ಸೋಮವಾರ ಐದನೇ ನಂಬರಿನ ಅಂಗಿ ಒಗೆದು ಇಸ್ತ್ರಿಯಾಗಿ ಬಂತು. ಅದನ್ನು ತೊಡಬೇಕಿದ್ದ ಹುಡುಗ ಹೊಸ ಅಂಗಿ ತಂದಿದ್ದ. ಚೀಲ ಕೊಕ್ಕೆಯಲ್ಲೇ ಉಳಿಯಿತು. ಹಾರುಕಾ ಅದನ್ನು ನೋಡಿದಳು. ಮಂಗಳವಾರದಿಂದ ಅವಳು ಶಾಲೆಗೆ ಬರಲಿಲ್ಲ.

ಗುರುವಾರ ಸಂಜೆ ಸೆನ್ಸೇ ಫೋನ್ ಮಾಡಿದರು. ಇನ್ನೂ ಎಳೆಯ ವಯಸ್ಸಿನ ಮೇಷ್ಟ್ರು, ದನಿಯಲ್ಲೇ ದಣಿವು. ಇಳಾ ಸಾನ್ ನಿನ್ನೆಯೂ ಇಂದೂ ತನ್ನ ಸರದಿಯಲ್ಲದಿದ್ದರೂ ಐದನೇ ಅಂಗಿ ತೊಟ್ಟು ತನ್ನ ಜಾಗದಲ್ಲಿ ಕೂತು ಊಟ ಮಾಡಿದ್ದಾಳೆ, ತೆಗೆ ಎಂದು ಸನ್ನೆ ಮಾಡಿದರೆ ತೆಗೆಯಲಿಲ್ಲ, ಊಟದ ಮೇಲೆ ಕಾರಣ ಕೇಳಿದರೆ ಮಾತಾಡಲಿಲ್ಲ, ನಾಳೆ ಒಮ್ಮೆ ಬರಲು ಸಾಧ್ಯವೇ ಎಂದರು. ನಾನು ಫೋನಿಗೇ ಹಲವು ಸಲ ಬಾಗಿ ಸುಮಿಮಾಸೆನ್, ಕ್ಷಮಿಸಿ ಎಂದೆ. ಇಟ್ಟವಳೇ ಬಾಲ್ಕನಿಗೆ ಓಡಿದೆ.

"ಮಿಯಾಗಾವಾ ಸಾನ್, ನಿಮ್ಮ ಕಥೆಗಳು ಏನು ಮಾಡಿವೆ ನೋಡಿ!" ಎಂದು ಎಲ್ಲ ಒದರಿದೆ. ನಾವು ಪರದೇಶದವರು, ನಮ್ಮ ಮಗು ಹೀಗೆ ಎದ್ದು ಕಂಡರೆ ನಾಳೆ ಅವಳ ಬಟ್ಟಲನ್ನೂ ಯಾರೂ ಮುಟ್ಟದಿದ್ದರೆ ಎಂದೆ. ನನ್ನ ಹೆದರಿಕೆ ಅದೇ ಆಗಿತ್ತು, ಹೇಳಿದ ಮೇಲೆ ನನಗೂ ತಿಳಿಯಿತು. 

"ಇಳಾ ಸಾನ್‌ಗೆ ಭಯ ಆಗಿತ್ತಾ?" ಎಂದಷ್ಟೇ ಆಚೆಯಿಂದ ಕೇಳಿದರು.

ಅದನ್ನು ನಾನು ಕೇಳಿಯೇ ಇರಲಿಲ್ಲ. ಒಳಗೆ ಹೋಗಿ ಕೇಳಿದೆ. ಇಳಾ ಹೋಂವರ್ಕ್‌ನಿಂದ ತಲೆಯೆತ್ತದೆ, "ಹ್ಮ್. ತುಂಬಾ. ಕಾಲು ಶೇಕ್ ಆಗ್ತಿತ್ತು" ಎಂದಳು. "ಮತ್ಯಾಕೆ ತೆಗೀಲಿಲ್ಲ?" "ಹಾರುಕಾ ಚಾನ್ ಇಲ್ವಲ್ಲ ಅಮ್ಮಾ. ಆ ಜಾಗ ಖಾಲಿ ಇತ್ತು. ಆ ಮಕ್ಳು ಏನೂ ಮಾಡ್ಲಿಲ್ಲ, ಜಸ್ಟ್ ಕೂತ್ಕೊಂಡ್ರು. ನಾನೂ ಜಸ್ಟ್ ಕೂತ್ಕೊಂಡೆ." ನನ್ನ ಎದುರು ಪೆನ್ಸಿಲ್ ಕಚ್ಚುತ್ತ ಕೂತಿದ್ದವಳು ನಾನು ಹೆತ್ತವಳೇ ಎಂದು ಬೆರಗಿನಿಂದ ನೋಡಿದೆ. ಅವಳಿಗೆ ಭಾಗಾಕಾರದಲ್ಲಿ ಸಹಾಯ ಬೇಕಾಗಿತ್ತು.

ಶುಕ್ರವಾರ ಶಾಲೆಗೆ ಹೋದೆ. ಕ್ಲಾಸಿನಲ್ಲೇ ಪಾರದರ್ಶಕ ಹಾಳೆಯ ಆಚೆ ಸೆನ್ಸೇ, ಈಚೆ ನಾನು ಮತ್ತು ಇಳಾ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಕ್ಷಮೆಯ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಬಾಯಿ ತೆರೆದೆ, ತಡೆದುಕೊಂಡೆ. ಯಾವುದಕ್ಕೆ ಕ್ಷಮೆ ಕೇಳುವುದು? ಮುಚ್ಚಿಕೊಂಡು ಕೂತೆ. ನನ್ನ ಜೀವನದಲ್ಲಿ ಮಾತು ಬಂದೂ ಆಡದೆ ಕೂತದ್ದು ಅದೇ ಮೊದಲು. ಇಳಾಳೂ ಸುಮ್ಮನಿದ್ದಳು. ಸ್ವಲ್ಪ ಹೊತ್ತಿನಲ್ಲಿ ಸೆನ್ಸೇ ಕೂಡ ತಮ್ಮ ಕಾಗದಗಳನ್ನು ಪಕ್ಕಕ್ಕಿಟ್ಟು ಸುಮ್ಮನಾದರು. ಅವರು ಕೊಕ್ಕೆಯ ಚೀಲವನ್ನು ನೋಡಿರದೆ ಇರುತ್ತಾರೆಯೇ. ಆಮೇಲೆ ತಮ್ಮ ಕೈಗಳನ್ನೇ ನೋಡುತ್ತ, "ಅಂಗಿ ತೊಟ್ಟವರು ವಾರದ ಕೊನೆಗೆ ಮನೆಗೆ ಒಯ್ದು ಒಗೆದು ತರಬೇಕು. ಅದು ನಿಯಮ. ಮುಂದಿನ ವಾರ ಬಡಿಸುವ ಗುಂಪಿನಲ್ಲಿ ಇಳಾ ಸಾನ್, ನಂಬರ್ ಐದು" ಎಂದರು. ಹೊಗಳಲಿಲ್ಲ, ಬೈಯಲಿಲ್ಲ. ಎದ್ದು ಚೀಲವನ್ನು ತಾವೇ ಕೊಕ್ಕೆಯಿಂದ ತೆಗೆದು ಅವಳ ಕೈಗೆ ಕೊಟ್ಟರು.

ಶನಿವಾರ ಬೆಳಿಗ್ಗೆ ಬೆಲ್ಲಾಯಿತು. ಬಾಗಿಲು ತೆರೆದರೆ ಎದುರಿಗೆ ಯಾರೂ ಇಲ್ಲ. ಒಬ್ಬ ಹೆಂಗಸು ಬೆಲ್ ಒತ್ತಿ ಹಿಂದೆ ಹಿಂದೆ ಸರಿದು ಕಾರಿಡಾರಿನ ಆಚೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಮಾಸ್ಕು, ಕೈಗೆ ತೆಳು ಗ್ಲೋವ್ಸ್. ಬೆನ್ನ ಹಿಂದೆ ಹಾರುಕಾ. ಸೆನ್ಸೇ ಫೋನ್ ಮಾಡಿ ಎಲ್ಲ ಹೇಳಿದ್ದರಂತೆ. ಆ ತಾಯಿ ಬಾಗಿದರು, ನಾನು ಬಾಗಿದೆ, ಅವರು ಇನ್ನೂ ಕೆಳಗೆ ಬಾಗಿದರು, ನನ್ನ ಸೊಂಟ ಅಲ್ಲಿಗೇ ನಿಂತಿತು. ಒಳಗೆ ಬನ್ನಿ ಎಂದೆ. ಬೇಡ ಎಂದು ಕೈಯಾಡಿಸಿದರು.

"ಆ ಅಂಗಿ ಒಗೆಯುವಾಗ ನಾನು ಗ್ಲೋವ್ಸ್ ಹಾಕ್ಕೊಂಡಿದ್ದೆ" ಎಂದರು. "ಇಸ್ತ್ರಿ ಮಾಡುವಾಗಲೂ. ನನ್ನ ಮನೇಲಿ, ನನ್ನ ಮಗಳ ಅಂಗಿಗೆ. ಅವರೆಲ್ಲ ಹೆದರೋದು ತಪ್ಪು ಅಂತ ಹೇಳೋಕೆ ನನಗೆ ಬಾಯಿಲ್ಲ. ನನ್ನ ಕೈ ಕಂಡ್ರೆ ನನಗೇ ಹೆದರಿಕೆ. ಅಂಥ ಅಂಗೀನ ಇಳಾ ಚಾನ್ ತೊಟ್ಕೊಂಡು..." ಎಂದು ನಿಲ್ಲಿಸಿದರು.

ನನಗೆ ಕಣ್ಣು ತುಂಬಿ ಬಂತು. ನನ್ನ ಪಕ್ಕದಲ್ಲಿದ್ದ ಇಳಾ ಒಳಗೆ ಓಡಿದಳು, ನೆನೆಹಾಕಲೆಂದು ಬಚ್ಚಲಲ್ಲಿ ಇಟ್ಟಿದ್ದ ಚೀಲ ಹಿಡಿದುಕೊಂಡು ಬಂದಳು, ಚಪ್ಪಲಿ ಮೆಟ್ಟದೆ ಸಾಕ್ಸಿನಲ್ಲೇ ಕಾರಿಡಾರು ದಾಟಿ ಅವರ ಎದುರು ನಿಂತು ಚಾಚಿದಳು.

"ಇನ್ನೂ ಒಗೆದಿಲ್ಲ. ಸೂಪ್ ಚೆಲ್ಲಿದೆ" ಎಂದಳು ಜಪಾನೀಸಿನಲ್ಲಿ. "ಮುಂದಿನ ವಾರ ನನ್ನ ಸರದಿ. ನೀವೇ ಒಗೆದುಕೊಡ್ತೀರಾ? ನಮ್ಮಮ್ಮಂಗೆ ಇಸ್ತ್ರಿ ಬರಲ್ಲ."

ಆ ತಾಯಿ ಚೀಲವನ್ನು ನೋಡಿದರು, ನನ್ನನ್ನು ನೋಡಿದರು. ಹೌದು, ಬರುವುದಿಲ್ಲ ಎಂದು ನಾನು ತಲೆಯಾಡಿಸಿದೆ. ಅವರು ಒಂದೊಂದಾಗಿ ಗ್ಲೋವ್ಸ್ ಕಳಚಿ ಕೋಟಿನ ಜೇಬಿಗೆ ಹಾಕಿಕೊಂಡರು. ಸ್ಯಾನಿಟೈಸರಿನಿಂದ ಬಿರಿದು ಕೆಂಪಾಗಿದ್ದ ಎರಡೂ ಬರಿಗೈಗಳನ್ನು ಮುಂದೆ ಚಾಚಿ ಇಳಾಳ ಕೈಯಿಂದ ಚೀಲ ತೆಗೆದುಕೊಂಡರು. ಅಷ್ಟು ಹೊತ್ತೂ ತುಟಿ ಬಿಚ್ಚದೆ ಅವರ ಹಿಂದೆ ನಿಂತಿದ್ದ ಹಾರುಕಾ, "ಸೋಮವಾರ ನಾನೇ ತರ್ತೀನಿ" ಎಂದಳು.